ಒಂದೇ ಲಾಯದ ಎರಡು ಕುದುರೆಗಳು

ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ: ಹೊರಗಿನವರೊಡನೆ ಬರುವ ಪೈಪೋಟಿಗಿಂತ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರ ನಡುವೆ ಹುಟ್ಟುವ ಪೈಪೋಟಿಯು ಹೆಚ್ಚು ಕಠಿನವಾದುದು. ನೆರೆಯವನು ಮುಂದೆ ಬಂದರೆ, ಅವನ ಹೊಲ ಒಳ್ಳೆಯದು, ಅವನ ಎತ್ತುಗಳು ಒಳ್ಳೆಯವು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಒಡಹುಟ್ಟಿದವನು ಅದೇ ಹೊಲದಲ್ಲಿ ಅದೇ ಎತ್ತುಗಳನ್ನು ಹೂಡಿ ನಮಗಿಂತ ಹೆಚ್ಚು ಬೆಳೆದನಾದರೆ ಹೇಳಿಕೊಳ್ಳುವುದಕ್ಕೆ ಏನು ಉಳಿಯುವುದು? ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು ಯೂರೋಪಿನ ಮೋಟಾರು ಪಂದ್ಯಗಳಿಗೆ ಸಂಬಂಧಪಟ್ಟುದು. ಆದರೂ ಅದು ಮನೆವಾರ್ತೆಗೆ ತೀರ ದೂರವಾದುದೆಂದು ಯಾರೂ ಪುಟವನ್ನು ಮಗುಚಬಾರದಾಗಿ ನಮ್ಮ ವಿನಂತಿ.

ಫಾರ್ಮುಲಾ ಒನ್ ಎಂಬ ಪಂದ್ಯಾವಳಿಯನ್ನು ಮನೆಯ ಹುಡುಗರು ದೂರದರ್ಶನದಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿರುವಾಗ, ಪಕ್ಕದಲ್ಲಿ ಕುಳಿತ ಹಿರಿಯರಿಗೆ ಅದು ಬರಿಯ ಗದ್ದಲವಾಗಿ ಕಾಣುವುದು ಸಹಜವೇ. ಅಂಥವರಿಗಾಗಿ ಎರಡು ಮಾತು. 1950ರಲ್ಲಿ ಮೊದಲಾದ ಈ ಪಂದ್ಯಾವಳಿಯಲ್ಲಿ ಈಗ ಒಂದೊಂದು ತಂಡಕ್ಕೂ ಎರಡೆರಡು ಕಾರುಗಳು, ಇಬ್ಬಿಬ್ಬರು ಚಾಲಕರು. ವರ್ಷವಿಡೀ ದೇಶದೇಶಗಳಲ್ಲಿ ನಡೆಯುವ ಪಂದ್ಯಗಳಲ್ಲಿ ಮೊದಲು ಬಂದವನಿಗೆ 25 ಅಂಕ, ಎರಡನೆಯವನಿಗೆ 18, ಮೂರನೆಯವನಿಗೆ 15, ಹೀಗೆ ಇಳಿಯುತ್ತ ಹೋಗುವುದು. ವರ್ಷದ ಕೊನೆಗೆ ಪ್ರಶಸ್ತಿಗಳು ಎರಡು. ಒಂದು ಅತಿ ಹೆಚ್ಚು ಅಂಕ ಗಳಿಸಿದ ಚಾಲಕನಿಗೆ. ಮತ್ತೊಂದು, 1958ರಿಂದ ನಡೆದುಬಂದುದು, ಕಾರನ್ನು ಕಟ್ಟಿದ ತಂಡಕ್ಕೆ. ತಂಡದ ಲೆಕ್ಕಕ್ಕೆ ಇಬ್ಬರು ಚಾಲಕರ ಅಂಕಗಳೂ ಕೂಡಿ ಬೀಳುವುವು. ಬಹುಮಾನದ ಹಣವೂ ಈ ಎರಡನೆಯ ಪಟ್ಟಿಯನ್ನೇ ಅನುಸರಿಸುವುದು. ತೊಡಕು ಇರುವುದು ಇಲ್ಲಿಯೇ. ತಂಡದ ಯಜಮಾನನಿಗೆ ಇಬ್ಬರಲ್ಲಿ ಯಾರು ಮುಂದೆ ಬಂದರೂ ಒಂದೇ. ಇಬ್ಬರೂ ಬಡಿದುಕೊಂಡು ಹೊರಬಿದ್ದರೆ ಮಾತ್ರ ಸರ್ವನಾಶ. ಚಾಲಕನಿಗಾದರೋ ಜಗತ್ತಿನಲ್ಲಿ ಮೊಟ್ಟಮೊದಲು ಸೋಲಿಸಬೇಕಾದವನು ತನ್ನ ಜೊತೆಗಾರನೇ, ಯಾತಕ್ಕೆಂದರೆ ಅವನೊಬ್ಬನ ಕೈಯಲ್ಲಿ ಮಾತ್ರ ತನ್ನಂಥದೇ ಕಾರು ಇರುವುದು. ಇಟಲಿಯ ಫೆರಾರಿ ತಂಡದ ಹೆಸರಿನೊಡನೆ ಬರುವ ‘ಸ್ಕುದೆರಿಯಾ’ ಎಂಬ ಮಾತಿಗೆ ಆ ಭಾಷೆಯಲ್ಲಿ ಕುದುರೆಲಾಯವೆಂದು ಅರ್ಥ. ಒಂದೇ ಲಾಯದ ಎರಡು ಕುದುರೆಗಳನ್ನು ಒಂದೇ ಪಂದ್ಯಕ್ಕೆ ಬಿಟ್ಟು, ಎರಡೂ ಗೆಲ್ಲಬೇಕು, ಒಂದನ್ನೊಂದು ಒದೆಯಬಾರದು ಎಂದರೆ ಹೇಗೆ? ಆದಕಾರಣವೇ ಯಜಮಾನನ ಅಪ್ಪಣೆ ಎಂಬುದೊಂದು ಹುಟ್ಟಿಕೊಂಡಿತು. ‘ನೀನು ಹಿಂದೆ ಸರಿ, ಅವನನ್ನು ಮುಂದೆ ಬಿಡು’ ಎಂಬುದೇ ಆ ಅಪ್ಪಣೆ. ಮೊದಲು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಈಗ ಚಾಲಕನ ಕಿವಿಗೆ ರೇಡಿಯೋದಲ್ಲಿ ಹೇಳುವರು.

ಇತ್ತೀಚಿನ ಉದಾಹರಣೆಯಿಂದಲೇ ತೊಡಗೋಣ. 2025ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ನಡೆದ ಪಂದ್ಯದಲ್ಲಿ ಮೆಕ್ಲಾರೆನ್ ತಂಡದ ಲ್ಯಾಂಡೊ ನಾರಿಸನು ಎರಡನೆಯವನಾಗಿಯೂ ಅವನ ಜೊತೆಗಾರ ಆಸ್ಕರ್ ಪಿಯಾಸ್ಟ್ರಿಯು ಮೂರನೆಯವನಾಗಿಯೂ ಓಡುತ್ತಿದ್ದರು. ಚಕ್ರ ಬದಲಾಯಿಸುವುದಕ್ಕೆ ಮುಂದಿರುವವನನ್ನು ಮೊದಲು ಕರೆಯುವುದು ವಾಡಿಕೆ. ಅಂದು ಹಿಂದಿನಿಂದ ಬರುತ್ತಿದ್ದ ಬೇರೆ ತಂಡದವನ ಭಯದಿಂದ ಪಿಯಾಸ್ಟ್ರಿಯನ್ನು ಮೊದಲು ಕರೆದರು. ಇದರಿಂದ ನಿನ್ನ ಸ್ಥಾನಕ್ಕೆ ಚ್ಯುತಿ ಬಾರದೆಂದು ನಾರಿಸನಿಗೆ ಭರವಸೆ ಕೊಟ್ಟರು. ಬಳಿಕ ನಾರಿಸನು ಬಂದಾಗ ಒಂದು ಚಕ್ರವು ಕೂಡಲೇ ಕೂರದೆ, ಎರಡು ಮೂರು ಸೆಕೆಂಡಿನ ಕೆಲಸವು ತಡವಾಗಿ, ಅವನು ಜೊತೆಗಾರನ ಹಿಂದೆ ಬಿದ್ದನು. ಸ್ಥಾನವನ್ನು ಹಿಂದಿರುಗಿಸೆಂದು ಪಿಯಾಸ್ಟ್ರಿಗೆ ಅಪ್ಪಣೆಯಾಯಿತು. ಚಕ್ರ ಹಾಕುವುದರಲ್ಲಿ ಆಗುವ ವಿಳಂಬವೂ ಪಂದ್ಯದ ಒಂದು ಭಾಗವೇ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವಲ್ಲವೇ ಎಂದು ಅವನು ಕೇಳಿದನು. ಕೇಳಿದನು, ಆದರೆ ಬಿಟ್ಟುಕೊಟ್ಟನು.

ಆ ವರ್ಷದ ಕೊನೆಯಲ್ಲಿ ನಾರಿಸನಿಗೆ 423 ಅಂಕಗಳೂ, ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನನಿಗೆ 421 ಅಂಕಗಳೂ, ಪಿಯಾಸ್ಟ್ರಿಗೆ 410 ಅಂಕಗಳೂ ಆದುವು. ಮೊಂಜಾದಲ್ಲಿ ಎರಡನೆಯ ಮೂರನೆಯ ಸ್ಥಾನಗಳಿಗಿದ್ದ ಅಂತರವು ಮೂರು ಅಂಕ. ಮೂರನ್ನು ಕಳೆದರೆ ನಾರಿಸನಿಗೆ ಉಳಿಯುವುದು 420. ಇದು ಕಾಗದದ ಮೇಲಿನ ಕಳೆಯುವ ಲೆಕ್ಕವೇ ಹೊರತು, ಹಾಗೆಯೇ ಆಗುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೂ ಜಗತ್ತಿನ ಪ್ರಶಸ್ತಿಯೊಂದು ಜೊತೆಗಾರನು ಕೊಟ್ಟ ದಾರಿಯ ಮೇಲೆ ನಿಂತಿರಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ನಮಗೆ ತೋರುವುದಿಲ್ಲ.

ಹಾಗಾದರೆ ಅಪ್ಪಣೆಯೇ ಅನ್ಯಾಯವಲ್ಲವೇ ಎಂದು ಕೇಳುವವರುಂಟು. ಲೋಕವೇ ಹಾಗೆ ಕೇಳಿದ ದಿನವೊಂದಿದೆ. 2002ರ ಮೇ ತಿಂಗಳ 12ರಂದು ಆಸ್ಟ್ರಿಯ ದೇಶದ ಪಂದ್ಯದಲ್ಲಿ ಫೆರಾರಿಯ ರೂಬೆನ್ಸ್ ಬ್ಯಾರಿಕೆಲ್ಲೊ ಎಂಬವನು ಎಲ್ಲರಿಗಿಂತ ಮುಂದೆ ಓಡುತ್ತಿದ್ದನು. ಕೊನೆಯ ತಿರುವು ದಾಟಿ ಗೆಲುವಿನ ಗೆರೆಯು ಕಣ್ಣೆದುರಿಗಿರುವಾಗ, ಯಜಮಾನರ ಮಾತಿಗೆ ಕಟ್ಟುಬಿದ್ದು ವೇಗ ತಗ್ಗಿಸಿ, ಜೊತೆಗಾರ ಮೈಕೇಲ್ ಶೂಮಾಕರನಿಗೆ ಗೆಲುವನ್ನು ಒಪ್ಪಿಸಿದನು. ನೆರೆದ ಜನರು ಹೋ ಎಂದು ಕೂಗಿ ಧಿಕ್ಕರಿಸಿದರು. ನಾಚಿದ ಶೂಮಾಕರನು ಬಹುಮಾನದ ವೇದಿಕೆಯಲ್ಲಿ ಬ್ಯಾರಿಕೆಲ್ಲೊನನ್ನು ಮೊದಲನೆಯ ಮೆಟ್ಟಿಲಿಗೆ ದೂಡಿ ತಾನು ಕೆಳಗೆ ನಿಂತನು. ಅಧಿಕಾರಿಗಳು ಹತ್ತು ಲಕ್ಷ ಡಾಲರು ದಂಡವನ್ನೇನೋ ಹಾಕಿದರು, ಯಾವ ಅಪರಾಧಕ್ಕೆಂದಿರಿ? ವೇದಿಕೆಯಲ್ಲಿ ನಿಲ್ಲತಕ್ಕ ಕ್ರಮವನ್ನು ತಪ್ಪಿದುದಕ್ಕೆ! ಗೆಲುವನ್ನು ಕಿತ್ತುಕೊಟ್ಟುದಕ್ಕೆ ದಂಡಿಸುವ ವಿಧಿ ಆಗ ಇರಲಿಲ್ಲ. ಇಷ್ಟಕ್ಕೂ ಆ ಗೆಲುವು ಶೂಮಾಕರನಿಗೆ ಬೇಕಾಗಿಯೇ ಇರಲಿಲ್ಲ. ಆ ವರ್ಷ ಅವನ ಅಂಕಗಳು 144, ಎರಡನೆಯವನಾಗಿ ಉಳಿದ ಬ್ಯಾರಿಕೆಲ್ಲೊನವು 77. ತುಂಬಿದ ಕಣಜದವನು ಪಕ್ಕದ ಎಲೆಯ ತುತ್ತನ್ನು ತೆಗೆದುಕೊಂಡಂತಾಯಿತು. ಜನರು ರೇಗಿದುದು ಅಪ್ಪಣೆಗಿಂತ ಹೆಚ್ಚಾಗಿ ಈ ದುರಾಸೆಗೆಂದು ನಮ್ಮ ಎಣಿಕೆ.

2003ರಿಂದ ಇಂಥ ಅಪ್ಪಣೆಗಳನ್ನು ನಿಷೇಧಿಸಿ ವಿಧಿಯನ್ನು ಮಾಡಿದರು. ಪರಿಣಾಮವೇನಾಯಿತೆಂದರೆ, ಬಾಗಿಲನ್ನು ಮುಚ್ಚಿದ ಮನೆಯಲ್ಲಿ ಕಿಟಕಿಯಿಂದ ಓಡಾಟ ಮೊದಲಾಯಿತು. 2010ರ ಜುಲೈ 25ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ ಫೆರಾರಿಯ ಫೆಲಿಪೆ ಮಾಸಾ ಮುಂದಿದ್ದನು. ಸರಿಯಾಗಿ ಒಂದು ವರ್ಷದ ಹಿಂದೆ, 2009ರ ಅದೇ ದಿನ, ಹಂಗೆರಿಯಲ್ಲಿ ಮುಂದಿನ ಕಾರೊಂದರಿಂದ ಕಳಚಿಬಿದ್ದ ಸ್ಪ್ರಿಂಗು ಅವನ ತಲೆಗೆ ಬಡಿದು ಅವನು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದನು. ಅಂಥವನ ಕಿವಿಗೆ ಅವನ ಇಂಜಿನಿಯರನು ರೇಡಿಯೋದಲ್ಲಿ ಹೇಳಿದ ಮಾತಿದು: ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ, ಈ ಮಾತು ತಿಳಿಯಿತೆಂದು ಖಚಿತಪಡಿಸು. ಮಾಸಾ ಬಳಿಕ ದಾರಿ ಬಿಟ್ಟನು, ಅಲೋನ್ಸೊ ಗೆದ್ದನು, ತಂಡವು ಒಂದು ಲಕ್ಷ ಡಾಲರು ದಂಡ ತೆತ್ತಿತು. ಅಷ್ಟಾಗಿಯೂ ವರ್ಷದ ಕೊನೆಗೆ ಅಲೋನ್ಸೊ 252 ಅಂಕಗಳೊಡನೆ ನಿಂತು, 256 ಗಳಿಸಿದ ಸೆಬಾಸ್ಟಿಯನ್ ವೆಟೆಲನಿಗೆ ಸೋತನು. ಪಾಲಿಸಲಾಗದ ವಿಧಿಯೆಂದು ಕಂಡು 2011ರಿಂದ ನಿಷೇಧವನ್ನು ತೆಗೆದುಹಾಕಿದರು. ತೆಗೆದುದೇ ಲೇಸೆಂದು ನಾವು ತಿಳಿಯುತ್ತೇವೆ. ‘ದಾರಿ ಬಿಡು’ ಎಂದು ನೇರಾಗಿ ಹೇಳಿದ್ದರೆ ಮಾಸಾನಿಗೆ ನೋವಾಗುತ್ತಿತ್ತು. ಸಾಧಾರಣ ಸುದ್ದಿಯೆಂಬಂತೆ ವೇಷ ಹಾಕಿ ಹೇಳಿದುದರಿಂದ ನೋವಿನೊಡನೆ ಅವಮಾನವೂ ಸೇರಿತು. ಮನೆಗಳಲ್ಲಿಯೂ ‘ಅವಳು ಅಡಿಗೆಯನ್ನು ಎಷ್ಟು ಬೇಗ ಮುಗಿಸುತ್ತಾಳೆ ನೋಡು’ ಎಂಬ ಮಾತಿನಿಂದ ಎಷ್ಟು ಕಣ್ಣೀರು ಹರಿದಿಲ್ಲ!

ಅಪ್ಪಣೆಯೇ ಬೇಡ, ಇಬ್ಬರನ್ನೂ ಬಿಟ್ಟುಬಿಡೋಣ ಎಂದವರ ಕಥೆಯೂ ಇದೆ. 2007ರಲ್ಲಿ ಮೆಕ್ಲಾರೆನ್ ತಂಡದ ಅಲೋನ್ಸೊ ಮತ್ತು ಲೂಯಿಸ್ ಹ್ಯಾಮಿಲ್ಟನ್ ಹೀಗೆ ಕಚ್ಚಾಡಿದರು. ಕೊನೆಗೆ ಇಬ್ಬರಿಗೂ ಸಮವಾಗಿ 109 ಅಂಕಗಳು. ಪ್ರಶಸ್ತಿಯು 110 ಅಂಕಗಳ ಕಿಮಿ ರೈಕೊನೆನನಿಗೆ. ಬೆಣ್ಣೆಗಾಗಿ ಜಗಳವಾಡಿದ ಎರಡು ಬೆಕ್ಕುಗಳ ಕಥೆಯನ್ನು ಮಕ್ಕಳಿಗೆ ಹೇಳುವವರು ಈ ಅಂಕಗಳನ್ನೂ ಸೇರಿಸಿಕೊಳ್ಳಬಹುದು. ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರು ಒಡೆತನದ ಪಾಲು ಹೊಂದಿದ್ದ ಫೋರ್ಸ್ ಇಂಡಿಯಾ ತಂಡದಲ್ಲಿಯೂ 2017ರಲ್ಲಿ ಇದೇ ನಡೆಯಿತು. ಸರ್ಜಿಯೊ ಪೆರೆಜನು ಕೆನಡಾದಲ್ಲಿ ಜೊತೆಗಾರ ಎಸ್ಟೆಬಾನ್ ಓಕಾನನಿಗೆ ದಾರಿ ಬಿಡಲೊಲ್ಲೆನೆಂದನು. ಬಾಕುವಿನಲ್ಲಿ ಇಬ್ಬರೂ ಡಿಕ್ಕಿ ಹೊಡೆದುಕೊಂಡು, ಬಹುಮಾನದ ವೇದಿಕೆಗೆ ಏರಬಹುದಾಗಿದ್ದ ದಿನವನ್ನು ಕೆಡಿಸಿಕೊಂಡರು. ಬೆಲ್ಜಿಯಮ್ಮಿನಲ್ಲಿ ಒಂದೇ ಪಂದ್ಯದಲ್ಲಿ ಎರಡು ಬಾರಿ ತಾಗಿಕೊಂಡರು. ಅಲ್ಲಿಗೆ ಯಜಮಾನರ ತಾಳ್ಮೆ ಮುಗಿದು, ಇನ್ನು ಮೇಲೆ ನಾವು ಹೇಳಿದಂತೆಯೇ ಓಡಬೇಕೆಂದು ಕಟ್ಟುಮಾಡಿದರು.

ಅಪ್ಪಣೆಯನ್ನು ಕೇಳುವುದೂ ಮೀರುವುದೂ ಒಂದೇ ದಿನ, ಒಂದೇ ಪಂದ್ಯದಲ್ಲಿ ನಡೆದುದುಂಟು. 2013ರ ಮಾರ್ಚಿಯಲ್ಲಿ ಮಲೇಷ್ಯಾದಲ್ಲಿ ರೆಡ್ ಬುಲ್ ತಂಡದ ಮಾರ್ಕ್ ವೆಬ್ಬರನು ಮುಂದೆಯೂ ವೆಟೆಲನು ಹಿಂದೆಯೂ ಇದ್ದಂತೆಯೇ ಮುಗಿಸತಕ್ಕದ್ದೆಂದು ಸಂಕೇತದಲ್ಲಿ ಅಪ್ಪಣೆಯಾಗಿತ್ತು. ವೆಬ್ಬರನು ಅದನ್ನು ನಂಬಿ ಯಂತ್ರದ ವೇಗವನ್ನು ತಗ್ಗಿಸಿದನು. ವೆಟೆಲನು ಮೇಲೆಬಿದ್ದು ಮುಂದೆ ಹೋಗಿ ಗೆದ್ದನು. ಅವರ ಹಿಂದೆಯೇ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ ಮೂರನೆಯವನಾಗಿ, ನಿಕೊ ರೋಸ್ಬರ್ಗ್ ನಾಲ್ಕನೆಯವನಾಗಿ ಬರುತ್ತಿದ್ದರು. ತಾನು ಹೆಚ್ಚು ವೇಗವಾಗಿರುವೆನೆಂದು ರೋಸ್ಬರ್ಗನು ಮತ್ತೆ ಮತ್ತೆ ಬೇಡಿದರೂ ಯಜಮಾನನು ಒಪ್ಪಲಿಲ್ಲ; ಅವನು ಹಿಂದೆಯೇ ಉಳಿದನು. ಈ ಸ್ಥಾನ ನಿಕೊನಿಗೆ ಸಲ್ಲಬೇಕಾದುದು ಎಂದು ಹ್ಯಾಮಿಲ್ಟನನೇ ವೇದಿಕೆಯಲ್ಲಿ ಒಪ್ಪಿಕೊಂಡನು. ಮೀರಿದ ವೆಟೆಲನು ಆ ವರ್ಷದ ಪ್ರಶಸ್ತಿಯನ್ನು ಪಡೆದನು. ಧರ್ಮಕ್ಕೆ ಕೂಡಲೇ ಫಲ, ಅಧರ್ಮಕ್ಕೆ ಕೂಡಲೇ ಶಿಕ್ಷೆ ಎಂದು ಬರೆಯುವುದಕ್ಕೆ ಈ ಆಟವು ಲೇಖಕರಿಗೆ ಅನುಕೂಲವಾಗಿ ನಡೆಯುವುದಿಲ್ಲ.

ಇನ್ನು ಯಾರ ಅಪ್ಪಣೆಗೂ ಕಾಯದೆ ಬಿಟ್ಟುಕೊಟ್ಟವನೊಬ್ಬನನ್ನು ನೆನೆಯಬೇಕು. 1956ರ ಸೆಪ್ಟೆಂಬರ್ 2ರಂದು, ಅದೇ ಮೊಂಜಾದಲ್ಲಿ, ಆ ವರ್ಷದ ಕೊನೆಯ ಪಂದ್ಯ. ಫೆರಾರಿ ತಂಡದಲ್ಲಿ ಅರ್ಜೆಂಟೈನಾದ ಹುವಾನ್ ಮಾನ್ಯುಯೆಲ್ ಫಾಂಜಿಯೊ. ವಯಸ್ಸು 45, ಅಷ್ಟರಲ್ಲಿ ಮೂರು ಸಲ ಜಗಜ್ಜೇತ. ಅದೇ ತಂಡದಲ್ಲಿ ಇಂಗ್ಲೆಂಡಿನ ಪೀಟರ್ ಕಾಲಿನ್ಸ್. ವಯಸ್ಸು 24, ಆ ವರ್ಷ ಬೆಲ್ಜಿಯಂ ಮತ್ತು ಫ್ರಾನ್ಸಿನ ಪಂದ್ಯಗಳನ್ನು ಗೆದ್ದು, ಪ್ರಶಸ್ತಿಯ ಆಸೆಯನ್ನು ಇನ್ನೂ ಉಳಿಸಿಕೊಂಡಿದ್ದವನು. ಓಟದ ನಡುವೆ ಫಾಂಜಿಯೊನ ಕಾರಿನ ಚುಕ್ಕಾಣಿಯ ಭಾಗ ಮುರಿಯಿತು. ಆ ಕಾಲದಲ್ಲಿ ಒಬ್ಬನ ಕಾರನ್ನು ಇನ್ನೊಬ್ಬನು ಹತ್ತಿ ಓಡಿಸಿ ಅಂಕಗಳನ್ನು ಹಂಚಿಕೊಳ್ಳಲು ಅವಕಾಶವಿದ್ದಿತು. ತಂಡದವನೇ ಆದ ಲುಯಿಜಿ ಮುಸ್ಸೊ ಚಕ್ರ ಬದಲಾಯಿಸಲು ಬಂದಾಗ ಕಾರನ್ನು ಕೊಡಲಿಲ್ಲ. ತನ್ನ ದೇಶದ ಜನರ ಮುಂದೆ ಗೆಲ್ಲಬೇಕೆಂಬ ಹಂಬಲ ಅವನದು, ಅದನ್ನು ತಪ್ಪೆನ್ನಲಾಗದು. ಬಳಿಕ ಕಾಲಿನ್ಸ್ ಬಂದನು. ಫಾಂಜಿಯೊ ಕೆಲಸವಿಲ್ಲದೆ ನಿಂತಿರುವುದನ್ನು ಕಂಡು, ಕಾರಿನಿಂದಿಳಿದು, ತನ್ನ ಆಸನವನ್ನು ಆ ಹಿರಿಯನಿಗೆ ಬಿಟ್ಟುಕೊಟ್ಟನು. ಫಾಂಜಿಯೊ ಆ ಕಾರಿನಲ್ಲಿ ಎರಡನೆಯವನಾಗಿ ಬಂದು ನಾಲ್ಕನೆಯ ಸಲ ಜಗಜ್ಜೇತನಾದನು.

ಕೈಗೆ ಬಂದ ರಾಜ್ಯವನ್ನು ಅಣ್ಣನ ಪಾದುಕೆಗೆ ಒಪ್ಪಿಸಿದ ಭರತನ ನೆನಪು ನಮ್ಮ ವಾಚಕರಿಗೆ ಆಗದಿರದು. ಆದರೆ ಭರತನ ಕಥೆಯಲ್ಲಿ ಅಣ್ಣನು ಹದಿನಾಲ್ಕು ವರ್ಷಗಳ ಮೇಲೆ ಮರಳಿ ಬಂದು ತಮ್ಮನನ್ನು ತಬ್ಬಿಕೊಳ್ಳುವನು. ಕಾಲಿನ್ಸನಿಗೆ ವಯಸ್ಸು ಚಿಕ್ಕದಿತ್ತು, ಮುಂದೆ ಬೇಕಾದಷ್ಟು ಅವಕಾಶ ಬರಬೇಕಾಗಿತ್ತು. ಬರಲಿಲ್ಲ. 1958ರ ಆಗಸ್ಟ್ 3ರಂದು ಜರ್ಮನಿಯ ನೂರ್ಬರ್ಗ್‌ರಿಂಗಿನಲ್ಲಿ ಅಪಘಾತವಾಗಿ, 26 ವರ್ಷಕ್ಕೇ ಅವನು ತೀರಿಕೊಂಡನು. ಜಗಜ್ಜೇತನೆಂಬ ಹೆಸರು ಅವನಿಗೆ ದೊರೆಯಲಿಲ್ಲ. ಬಿಟ್ಟುಕೊಡುವವನಿಗೆ ‘ನಿನ್ನ ಸರದಿ ಬರುವುದು’ ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ!

ಈ ಸರದಿಯನ್ನು ನಂಬಿದವನು ಮತ್ತೊಬ್ಬನಿದ್ದನು. ಕೆನಡಾದ ಜಿಲ್ ವಿಲ್ನವ್ 1979ರಲ್ಲಿ ಫೆರಾರಿಯ ಚಾಲಕ. ಜೊತೆಗಾರ ಜೋಡಿ ಷೆಕ್ಟರ್. ಮೊಂಜಾದಲ್ಲಿ ಷೆಕ್ಟರನು ಗೆದ್ದರೆ ಪ್ರಶಸ್ತಿ ಅವನದೇ ಎಂಬಂತಿತ್ತು. ವಿಲ್ನವನು ಮುಂದೆ ಹೋಗಲು ಯತ್ನಿಸದೆ ಅವನ ಬೆನ್ನಿಗೇ ಅಂಟಿಕೊಂಡು ಬಂದು, ಎರಡನೆಯವನಾಗಿ ಗೆರೆ ದಾಟಿದನು. ಮುಂದಿದ್ದವನಿಗೆ ದಾರಿ ಕಾಯುವುದು ಮನೆತನದ ಕ್ರಮವೆಂದು ಅವನು ತಿಳಿದಿದ್ದನು. ತಾನು ಮುಂದಿರುವ ದಿನ ಇತರರೂ ಹಾಗೆಯೇ ನಡೆಯುವರೆಂದು ನಂಬಿದ್ದನು.

ಆ ದಿನ 1982ರ ಏಪ್ರಿಲ್ 25ರಂದು ಇಟಲಿಯ ಇಮೋಲಾದಲ್ಲಿ ಬಂದಿತು. ಈಗ ಜೊತೆಗಾರನು ಫ್ರಾನ್ಸಿನ ದಿದಿಯೆ ಪಿರೋನಿ. ಆಡಳಿತದ ಜಗಳದಿಂದ ಅನೇಕ ತಂಡಗಳು ಪಂದ್ಯಕ್ಕೆ ಬಂದಿರಲಿಲ್ಲ. ಎದುರಾಳಿ ರೆನೋ ಕಾರುಗಳು ಕೆಟ್ಟುನಿಂತ ಮೇಲೆ ಫೆರಾರಿಯ ಎರಡು ಕಾರುಗಳೇ ಮುಂದೆ; ಮೊದಲು ವಿಲ್ನವ್, ಹಿಂದೆ ಪಿರೋನಿ. ತಂಡದವರು ದಾರಿಯ ಬದಿಯಲ್ಲಿ ಹಲಗೆಯೊಂದನ್ನು ಹಿಡಿದರು. ಅದರ ಮೇಲೆ ‘ನಿಧಾನ’ ಎಂಬರ್ಥದ ಒಂದೇ ಒಂದು ಮಾತು. ವಿಲ್ನವನು ಅದಕ್ಕೆ ಮಾಡಿಕೊಂಡ ಅರ್ಥ: ಇದ್ದಂತೆಯೇ ಇರಿ, ಹಿಂದಿನವನು ಮುಂದೆ ಬರಕೂಡದು. ಪಿರೋನಿಯು ಮಾಡಿಕೊಂಡುದು: ಯಂತ್ರವನ್ನು ಕಾಪಾಡಿಕೊಳ್ಳಿ, ಯಾರು ಗೆಲ್ಲಬೇಕೆಂದು ಅದರಲ್ಲಿ ಬರೆದಿಲ್ಲ. ಪಿರೋನಿ ಮುಂದೆ ಹೋದನು. ನೋಡುವವರಿಗಾಗಿ ಆಟವಾಡುತ್ತಿದ್ದಾನೆಂದು ಬಗೆದು ವಿಲ್ನವನು ಮತ್ತೆ ಮುಂದೆ ಬಂದು ವೇಗ ತಗ್ಗಿಸಿದನು. ಕೊನೆಯ ಸುತ್ತಿನಲ್ಲಿ ಪಿರೋನಿ ಇನ್ನೊಮ್ಮೆ ಮುಂದೆ ನುಗ್ಗಿ ಗೆದ್ದನು. ವೇದಿಕೆಯಲ್ಲಿ ನಿಂತ ವಿಲ್ನವನ ಮುಖವನ್ನು ಚಿತ್ರಗಳಲ್ಲಿ ನೋಡಿದವರು ಮರೆಯಲಾರರು. ಪಿರೋನಿಯೊಡನೆ ಇನ್ನೆಂದಿಗೂ ಮಾತನಾಡುವುದಿಲ್ಲವೆಂದು ಅವನು ಹೇಳಿದನು.

ಇಬ್ಬರಲ್ಲಿ ಯಾರದು ಸರಿ ಎಂಬ ವಾದ ಇಂದಿಗೂ ಮುಗಿದಿಲ್ಲ. ನಮಗಾದರೋ ಆ ಹಲಗೆಯನ್ನು ಹಿಡಿದವರ ಮೇಲೆಯೇ ಕೋಪ ಬರುತ್ತದೆ. ಇಬ್ಬರು ಮಕ್ಕಳಿಗೆ ಎರಡರ್ಥದ ಒಂದು ಮಾತನ್ನು ಕೊಟ್ಟು, ಬೆಳಗ್ಗೆಯೇ ಕೂರಿಸಿ ಕೇಳಬೇಕಾದುದನ್ನು ಕೇಳದೆ, ಎಲ್ಲವೂ ತಾನಾಗಿ ನಡೆದುಹೋಗುವುದೆಂದು ಇದ್ದುಬಿಟ್ಟರು. ಆಸ್ತಿಯ ಕಾಗದದಲ್ಲಿ ಒಂದು ಸಾಲನ್ನು ಅಸ್ಪಷ್ಟವಾಗಿ ಬರೆದಿಟ್ಟು ಕಣ್ಣುಮುಚ್ಚಿದ ಹಿರಿಯರಿಂದ ಎಷ್ಟು ಮನೆಗಳ ನಡುವೆ ಗೋಡೆ ಎದ್ದಿದೆಯೆಂಬುದನ್ನು ವಾಚಕರು ಬಲ್ಲರು.

ಇಮೋಲಾದ ಹದಿಮೂರನೆಯ ದಿನ, ಮೇ 8ರಂದು, ಬೆಲ್ಜಿಯಮ್ಮಿನ ಜೋಲ್ಡರಿನಲ್ಲಿ ಪಂದ್ಯಕ್ಕೆ ಮುಂಚಿನ ಅರ್ಹತೆಯ ಓಟ. ಪಿರೋನಿಯ ವೇಳೆಯು ವಿಲ್ನವನದಕ್ಕಿಂತ ಕೂದಲೆಳೆಯಷ್ಟು ಮುಂದಿತ್ತು. ಸಮಯ ಮುಗಿಯುತ್ತ ಬಂದಿತ್ತು. ವಿಲ್ನವನು ಪೂರ್ಣ ವೇಗದಲ್ಲಿ ಬರುತ್ತ, ನಿಧಾನವಾಗಿ ಹೋಗುತ್ತಿದ್ದ ಮತ್ತೊಂದು ಕಾರಿಗೆ ತಾಗಿ, ಕಾರಿನಿಂದ ಹೊರಕ್ಕೆ ಎಸೆಯಲ್ಪಟ್ಟನು. ಆ ರಾತ್ರಿ ತೀರಿಕೊಂಡನು. ವಯಸ್ಸು 32, ಹೆಂಡತಿ, ಇಬ್ಬರು ಎಳೆಯ ಮಕ್ಕಳು. ಆ ಮಕ್ಕಳಲ್ಲಿ ಒಬ್ಬನಾದ ಜಾಕ್ ವಿಲ್ನವ್ 1997ರಲ್ಲಿ ಜಗಜ್ಜೇತನಾದುದನ್ನು ಇಲ್ಲಿ ಹೇಳಬಹುದು. ಪಿರೋನಿಯು ಆ ವರ್ಷ ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದನು. ಆಗಸ್ಟ್ 7ರಂದು ಹಾಕೆನ್‌ಹೈಮಿನ ಮಳೆಯಲ್ಲಿ ಅವನ ಕಾರೂ ಅಪ್ಪಳಿಸಿ ಎರಡು ಕಾಲುಗಳೂ ನುಚ್ಚುನೂರಾದುವು. ಅವನು ಮತ್ತೆ ಈ ಪಂದ್ಯಗಳಲ್ಲಿ ಓಡಲಿಲ್ಲ. ಐದು ಅಂಕಗಳಿಂದ ಪ್ರಶಸ್ತಿಯು ನಿಕೊನ ತಂದೆಯಾದ ಕೆಕೆ ರೋಸ್ಬರ್ಗನ ಪಾಲಾಯಿತು.

1987ರ ಆಗಸ್ಟ್ 23ರಂದು ಇಂಗ್ಲೆಂಡಿನ ವೈಟ್ ದ್ವೀಪದ ಬಳಿ ಸಮುದ್ರದಲ್ಲಿ ಮೋಟಾರು ದೋಣಿಗಳ ಪಂದ್ಯದಲ್ಲಿ ಪಿರೋನಿ ಸತ್ತನು. ಅವನ ಸಂಗಾತಿಯು ಆಗ ಗರ್ಭಿಣಿಯಾಗಿದ್ದಳು. ಅವಳಿ ಗಂಡುಮಕ್ಕಳು ಹುಟ್ಟಿದುವು. ತಾಯಿಯು ಒಂದು ಕೂಸಿಗೆ ದಿದಿಯೆ ಎಂದೂ, ಮತ್ತೊಂದಕ್ಕೆ ಜಿಲ್ ಎಂದೂ ಹೆಸರಿಟ್ಟಳು.